ಕೋವಿಗೊಂದು ಕುಲಾವಿ

ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಬಾರದು ಎಂದು ಹಿರಿಯರು ಹೇಳಿದ್ದಾರೆ. ಕೋವಿ ಬರುವುದಕ್ಕೆ ಮುಂಚೆ ಕೋವಿಗೆ ಚೀಲ ಹೊಲಿಸಬಾರದು ಎಂದು ಮಾತ್ರ ಯಾವ ಹಿರಿಯರೂ ಹೇಳಿರಲಿಲ್ಲ. ಹೇಳಿದ್ದರೆ ಕೊಳ್ಳೇಗಾಲದ ದೇವಾಂಗಪೇಟೆಯ ರೇಷ್ಮೆ ನೇಕಾರ ದೇವಣ್ಣ ಖಂಡಿತ ಕೇಳುತ್ತಿದ್ದ. ಹಿರಿಯರ ಮಾತು, ಹೆಂಡತಿಯ ಮಾತು, ಅಕ್ಕನ ಮಾತು, ಗಿರಾಕಿಗಳ ಮಾತು, ಕೊನೆಗೆ ಬಸ್ ಕಂಡಕ್ಟರನ ಮಾತನ್ನೂ ಕೇಳಿ ಕೇಳಿ ಅವನು ಐವತ್ತೆರಡು ವರ್ಷ ಕಳೆದಿದ್ದ. ತಾನೂ ಒಂದು ಮಾತು ಆಡಬೇಕು ಎಂದು ಅವನಿಗೆ ಅನ್ನಿಸಿದ್ದು ಒಂದೇ ಸಲ. ಅವತ್ತು ಆಡಿದ ಮಾತು, "ಕೋವಿ ತಗೋತೀನಿ."

ಆಡಿದ್ದು ಭಾಮೈದ ನಿರಂಜನನ ಮುಂದೆ. ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ದೇವಣ್ಣನ ಹೆಂಡತಿ ರುದ್ರಾಣಿಗೆ ತವರಿನಿಂದ ಬಂದ ಎರಡು ಎಕರೆ ಹೊಲವಿತ್ತು. ದೊಡ್ಡಸಿದ್ದಯ್ಯ ಎಂಬ ಮುದುಕ ಅದನ್ನು ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಮಾಡುತ್ತಿದ್ದ. ಎರಡು ವರ್ಷದಿಂದ ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ನುಗ್ಗಿ, ಮನೆಗೆ ಒಂದು ಮೂಟೆಯೂ ಬಂದಿರಲಿಲ್ಲ. ರುದ್ರಾಣಿಯ ತಮ್ಮ ನಿರಂಜನ ಬಂಡಳ್ಳಿಯಲ್ಲೇ ಇದ್ದುಕೊಂಡು ಜಮೀನು ದಲ್ಲಾಳಿ ಮಾಡುವವನು. ಅವನು ಕೊಳ್ಳೇಗಾಲಕ್ಕೆ ಬಂದು, ಅಕ್ಕ ಮಾಡಿದ ಉಪ್ಪಿಟ್ಟು ತಿಂದು, ಕೈ ತೊಳೆದು, ವಿಷಯಕ್ಕೆ ಬಂದ.

"ಅಕ್ಕಾ, ಹಂದಿ ಮೇಯ್ಸೋಕೆ ಹೊಲ ಯಾಕೆ ನಿಂಗೆ? ನಂಗೆ ಬರ್ಕೊಡು. ಬೆಟ್ಟಕ್ಕೆ ದೇವ್ರು ನೋಡೋಕೆ ಓಗೋ ಜನಕ್ಕೆ ನಾಕು ರೂಮು ಕಟ್ತೀನಿ. ನಿಂಗೂ ಏನಾರ ಕೊಡ್ತೀನಿ."

ರುದ್ರಾಣಿ ಲೆಕ್ಕಾಚಾರದ ಹೆಂಗಸು. "ಈ ಸಲದ ಬೆಳೆ ನೋಡುವಾ. ಜೋಳ ಮನೆಗೆ ಬಂದ್ರೆ ಹೊಲ ನಂದು. ಬರ್ನಿಲ್ಲ ಅಂದ್ರೆ ನಿಂದು," ಎಂದಳು.

ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಮೂವತ್ತು ವರ್ಷ ಕೂತವನು ದೇವಣ್ಣ. ತಿಂಗಳಿಗೆ ಎರಡು ಸಲ ಬಂಡಳ್ಳಿಗೆ ಹೋಗಿ ಆ ಹೊಲದ ನಡುವೆ ಸುಮ್ಮನೆ ನೆಟ್ಟಗೆ ನಿಂತು ಬರುವುದು ಅವನ ಬದುಕಿನ ಒಂದೇ ಸುಖ. ಅಲ್ಲಿ ನಾಕು ರೂಮು ಎದ್ದರೆ ತಾನು ಎಲ್ಲಿ ನಿಲ್ಲುವುದು ಎಂದು ಅವನಿಗೆ ನಿಜಕ್ಕೂ ದುಃಖವಾಯಿತು. ದುಃಖವಾದಾಗ ಮನುಷ್ಯ ಅಳಬೇಕು, ಇಲ್ಲ ಸುಮ್ಮನಿರಬೇಕು. ದೇವಣ್ಣ ಬಾಯಿ ಬಿಟ್ಟ.

"ಕೋವಿ ತಗೋತೀನಿ. ಸಾದಾ ಕೋವಿ ಅಲ್ಲ. ಪಂಪ್ ಆ್ಯಕ್ಷನ್ನು."

ಮನೆಯಲ್ಲಿ ತಿಗಣೆ ಕಂಡರೂ ಪಕ್ಕಕ್ಕೆ ಸರಿದು ಮಲಗುವ ಮನುಷ್ಯ ಹೀಗೆಂದಾಗ ನಿರಂಜನ ನಗಲಿಲ್ಲ. ನಗುವುದಕ್ಕೂ ಒಂದು ಅಂದಾಜು ಬೇಕಾಗುತ್ತದೆ. "ಹಂಗಂದ್ರೇನು ಭಾವ?" ಎಂದು ಕೇಳಿದ.

ದೇವಣ್ಣ ಮಗ್ಗದ ಮುಂದೆ ಕೂತು ಎರಡು ತಿಂಗಳಿಂದ ಫೋನಿನಲ್ಲಿ ಅದನ್ನೇ ನೋಡುತ್ತಿದ್ದ. ನಳಿಗೆಯ ಕೆಳಗೊಂದು ಹಿಡಿ. ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಕ್ಕೆ, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಕ್ಕೆ. ಚಕ್-ಚಕ್ ಎಂಬ ಆ ಸದ್ದಿಗೇ ಎದುರಿಗಿದ್ದವರ ಎದೆ ಒಡೆಯುತ್ತದೆ ಎಂದು ಫೋನಿನವನು ಹೇಳಿದ್ದ. ಎಳೆಯುವುದು, ತಳ್ಳುವುದು ನೇಕಾರನಿಗೆ ಹೊಸದಲ್ಲ. ಇಷ್ಟು ದಿನ ತನಗೆ ಒಪ್ಪುವ ಆಯುಧವಿಲ್ಲದೆ ತಾನು ಸಾಧು ಆಗಿದ್ದೆ ಎಂದು ಅವನಿಗೆ ಮನವರಿಕೆಯಾಗಿತ್ತು.

ಲೈಸನ್ಸಿಗೆ ಅವನು ಹಂದಿ ಮೊದಲ ಸಲ ನುಗ್ಗಿದ ವರ್ಷವೇ ಅರ್ಜಿ ಹಾಕಿ ಮರೆತಿದ್ದ. ವಿಚಾರಣೆಗೆ ಬಂದ ಪೊಲೀಸರು, "ಗೋಪಿನಾಥಂ ಕಡೆ ನೆಂಟರಿದ್ದಾರಾ?" ಎಂದು ಕೇಳಿದ್ದರು. ದಂತಚೋರನಿಂದ ಹೆಸರಾದ ಆ ಊರಿನಲ್ಲಿ ಮೀನು ಹಿಡಿಯುವ ಷಡ್ಡಕನೊಬ್ಬನಿದ್ದ. "ಅವ್ನು ಬರೀ ಮೀನು ಸಾ, ಬೇರೆ ಏನೂ ಇಲ್ಲ," ಎಂದು ದೇವಣ್ಣ ಕೇಳದಿದ್ದಕ್ಕೂ ಉತ್ತರ ಕೊಟ್ಟಿದ್ದರಿಂದ ವಿಚಾರಣೆ ಎಂಟು ತಿಂಗಳು ಉದ್ದವಾಗಿತ್ತು. ಅಂತೂ ಈಗ, ಬೆಳೆ ಕಾಯುವುದಕ್ಕೆ, ಹೆದರಿಸುವುದಕ್ಕೆ ಮಾತ್ರ ಎಂಬ ಷರತ್ತಿನ ಮೇಲೆ ಲೈಸನ್ಸು ಬಂತು. ಲೈಸನ್ಸು ಬಂದ ಮೇಲೆ ಕೋವಿಯ ಬೆಲೆ ವಿಚಾರಿಸಿದ. ಅವತ್ತು ಊಟ ಸೇರಲಿಲ್ಲ.

ಅಗ್ಗದ್ದು ಸಿಗುವ ತನಕ ಕೈಕಟ್ಟಿ ಕೂರುವುದೇಕೆ ಎಂದು ಅವನು ಚೀಲಕ್ಕೆ ಕೈಹಾಕಿದ. ನೇಕಾರರ ಮನೆಯ ಪದ್ಧತಿಯೇ ಹಾಗೆ. ಗಂಡು ಗೊತ್ತಾಗುವುದಕ್ಕೆ ಮುಂಚೆ ಹೆಣ್ಣಿಗೆ ಸೀರೆ ನೇಯ್ದಿರುತ್ತದೆ. ಒಂದು ಧಾರೆ ಸೀರೆ ನೇಯ್ದು ಉಳಿದ ಕೆಂಪು ರೇಷ್ಮೆಯಲ್ಲಿ, ಮಾವಿನಕಾಯಿ ಬುಟ್ಟಾ, ಎರಡು ಬೆರಳು ಜರಿ ಅಂಚು ಇಟ್ಟು ನಾಲ್ಕಡಿ ಉದ್ದದ ಚೀಲ ತಯಾರಾಯಿತು.

"ಕೋವಿಗೆ ಜರಿ ಯಾಕ್ರೀ?" ಎಂದಳು ರುದ್ರಾಣಿ.

"ನೇಕಾರನ ಮನೆ ಕೋವಿ ಗೋಣಿಚೀಲ್ದಲ್ಲಿ ಬಂದ್ರೆ ಜನ ಏನಂದಾರು?"

ಚೀಲ ಜೋಲು ಬೀಳುತ್ತಿತ್ತು. ಆಕಾರ ನಿಲ್ಲಲಿ ಎಂದು ಹಳೆ ಮಗ್ಗದ ಮರದ ಕೋಲೊಂದನ್ನು ಒಳಗೆ ತೂರಿಸಿದ. ಹೆಗಲಿಗೆ ಹಾಕಿಕೊಂಡರೆ ಬಸ್ಸಿನಲ್ಲಿ ಹೇಗೆ ಕೂರುತ್ತದೆ ಎಂದು ನೋಡೋಣವೆಂದು ಹಾಗೇ ಬಂಡಳ್ಳಿಯ ಬಸ್ ಹತ್ತಿದ.

ಕಂಡಕ್ಟರು ಬಂದ. "ಏನ್ರೀ ಅದು ಉದ್ದುಕ್ಕೆ? ಲಗೇಜು ಆಯ್ತದೆ."

"ಕೋವಿ..." ಎಂದ ದೇವಣ್ಣ. ಚೀಲ ಎನ್ನುವುದರೊಳಗೆ ಕಂಡಕ್ಟರು ಎರಡು ಹೆಜ್ಜೆ ಹಿಂದೆ ಸರಿದಿದ್ದ. ಪಕ್ಕದಲ್ಲಿ ಕೂತಿದ್ದವನು ಎದ್ದು, "ಕೂತ್ಕಳಿ, ಅಗಲ್ವಾಗಿ ಕೂತ್ಕಳಿ," ಎಂದು ಕಂಬ ಹಿಡಿದು ನಿಂತ. ಲಗೇಜಿನ ಮಾತು ಮತ್ತೆ ಬರಲಿಲ್ಲ. ಐವತ್ತೆರಡು ವರ್ಷದಲ್ಲಿ ದೇವಣ್ಣನಿಗೆ ಯಾರೂ ಸೀಟು ಬಿಟ್ಟುಕೊಟ್ಟಿರಲಿಲ್ಲ, ಅವನೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ವಾಕ್ಯವನ್ನು ಪೂರ್ತಿ ಮಾಡಬೇಕಿತ್ತು. ಮಾಡಲಿಲ್ಲ. ಅವನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ಹೇಳುವುದಕ್ಕೆ ಬಂಡಳ್ಳಿ ಬರುವವರೆಗೆ ಟೈಮಿತ್ತು. ಆದರೆ ಬಂಡಳ್ಳಿಗೆ ಅವನಿಗಿಂತ ಮುಂಚೆ ಸುದ್ದಿ ತಲುಪಿತ್ತು.

ಹೊಲದ ಹತ್ತಿರ ಹತ್ತು ಹದಿನೈದು ಜನ ಸೇರಿದರು. ದೊಡ್ಡಸಿದ್ದಯ್ಯ ಚೀಲಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದ.

"ಬಿಚ್ಚಿ ತೋರ್ಸಿ ದೇವಣ್ಣೋರೆ," ಎಂದ ಒಬ್ಬ.

"ಬ್ಯಾಡ ಕಣ್ಲಾ," ಎಂದು ದೊಡ್ಡಸಿದ್ದಯ್ಯನೇ ತಡೆದ. "ಅಂಥವೆಲ್ಲ ಸುಮ್ಸುಮ್ನೆ ಬಿಚ್ಚಂಗಿಲ್ಲ. ಬಿಚ್ಚುದ್ರೆ ಹೊಡೀಲೇಬೇಕು."

ಇಂಥ ಕಾಯಿದೆಯೊಂದು ಇದೆ ಎಂದು ದೇವಣ್ಣನಿಗೆ ತಿಳಿದಿದ್ದು ಆಗಲೇ. ಅವನು ಗಂಭೀರವಾಗಿ ತಲೆಯಾಡಿಸಿದ. ಗುಂಪಿನ ಹಿಂದೆ ನಿರಂಜನ ನಿಂತಿದ್ದ. ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ಅದನ್ನು ನೋಡಿದ ಮೇಲಂತೂ ದೇವಣ್ಣ ಉಳಿದರ್ಧ ಸತ್ಯವನ್ನು ಶಾಶ್ವತವಾಗಿ ನುಂಗಿದ. ಚೀಲವನ್ನು ಹೊಲ ಕಾಯುವ ಅಟ್ಟಣೆಯ ಕಂಬಕ್ಕೆ ನೇತುಹಾಕಿ ಕೊಳ್ಳೇಗಾಲಕ್ಕೆ ಬಂದ.

ಆಮೇಲೆ ಆಗಿದ್ದು ಆಶ್ಚರ್ಯ. ನಾಲ್ಕು ವಾರ ಜೋಳದ ಒಂದು ದಂಟು ಮುರಿಯಲಿಲ್ಲ. "ಹಂದಿಗೆ ಹೆಂಗೆ ಗೊತ್ತಾಯ್ತೋ ಕಾಣೆ," ಎಂದು ದೊಡ್ಡಸಿದ್ದಯ್ಯ ಫೋನು ಮಾಡಿದ. ಚೀಲ ನೋಡಿದರೇ ಹೀಗೆ, ಕೋವಿ ನೋಡಿದರೆ ಹಂದಿಗಳು ತಮಿಳುನಾಡಿಗೇ ದಾಟಿಬಿಡುತ್ತವೆ ಎಂದು ದೇವಣ್ಣ ಹಿಗ್ಗಿದ. ಹಂದಿಗಳಿಗೆ ಜರಿ ಅಂಚಿನ ಬೆಲೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಅವನ ತಲೆಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಲೈಸನ್ಸು ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ಮತದಾರ ಹೊರಗೆ, ಕೋವಿ ಒಳಗೆ ಇರಬೇಕೆಂಬುದು ಪ್ರಜಾಪ್ರಭುತ್ವದ ನಿಯಮ. ಠಾಣೆಯಿಂದ ದೇವಣ್ಣನಿಗೆ ಫೋನು ಬಂತು. ಮಾತಾಡಿದವರು ಎಎಸ್ಸೈ ಶಿವರಾಜು.

"ನಮ್ ಲಿಸ್ಟಲ್ಲಿ ಹದಿನೇಳು ಲೈಸನ್ಸು. ಹದಿನಾರು ಕೋವಿ ಬಂದದೆ. ನಿಮ್ದೊಂದೇ ಬಾಕಿ."

"ಸಾ, ನಾನು ಕೋವಿ ಇನ್ನೂ ತಗೊಂಡೇ ಇಲ್ಲ."

"ರೀ, ಇಡೀ ಬಂಡಳ್ಳಿ ನೋಡ್ಯದೆ. ನಿಮ್ ಭಾಮೈದನೇ ಬಂದು ಹೇಳಿಹೋಗವ್ನೆ. ಸಾಯಂಕಾಲದೊಳ್ಗೆ ತತ್ತೀರೋ, ನಾನೇ ಬರ್ಲೋ?"

ದೇವಣ್ಣ ಬಂಡಳ್ಳಿಗೆ ಓಡಿ, ಅಟ್ಟಣೆಯಿಂದ ಚೀಲ ಇಳಿಸಿಕೊಂಡು ಠಾಣೆಗೆ ಹೋದ. ಶಿವರಾಜು ಅವನ ಹೆಗಲ ಮೇಲಿನ ರೇಷ್ಮೆ ಚೀಲವನ್ನು ಕಿಟಕಿಯಿಂದಲೇ ನೋಡಿ, ತಡಮಾಡದೆ ಮೇಲಧಿಕಾರಿಗೆ ಫೋನು ಹಚ್ಚಿ, "ಸಾರ್, ಹದಿನೇಳಕ್ಕೆ ಹದಿನೇಳೂ ಬಂತು ಸಾರ್," ಎಂದುಬಿಟ್ಟರು. ಮೇಲಿನವರು ಭೇಷ್ ಎಂದರು. ಆಮೇಲೆ ಒಳಕೋಣೆಯಲ್ಲಿ ಚೀಲ ಬಿಚ್ಚಿದರು. ಕೋಲು ಬಂತು. ಶಿವರಾಜು ಕೋಲಿನ ಆ ತುದಿ ನೋಡಿದರು, ಈ ತುದಿ ನೋಡಿದರು, ಚೀಲವನ್ನು ತಲೆಕೆಳಗು ಮಾಡಿ ಕೊಡವಿದರು.

"ಏನ್ರೀ ಇದು?"

"ಮಗ್ಗದ ಕೋಲು ಸಾ. ಚೀಲ ಜೋಲು ಬೀಳ್ಬಾರ್ದು ಅಂತ."

ಶಿವರಾಜು ಕುರ್ಚಿಯಲ್ಲಿ ಕೂತರು. ಅವರಿಗೆ ರಿಟೈರಾಗಲು ಹನ್ನೊಂದು ತಿಂಗಳಿತ್ತು. "ನಾನು ಮೇಲ್ಗಡೆ ಏನಂತ ಹೇಳ್ಲಿ? ಹದಿನಾರು ಕೋವಿ, ಒಂದು ಕೋಲು ಅಂತ್ಲಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. "ನೋಡಿ, ಲೈಸನ್ಸು ನಿಮ್ಮತ್ರ ಅದೆ. ಮೂರು ದಿನ ಟೈಮು. ಕೋವಿ ಕೊಂಡ್ಕಂಡು ಬಂದು ಇಲ್ಲಿಡಿ. ಈ ಕೋಲಿನ ವಿಷ್ಯ ನಂಗೂ ನಿಮ್ಗೂ ಬುಟ್ಟು ಮೂರನೇವ್ರಿಗೆ ಗೊತ್ತಾಗ್ಕೂಡ್ದು."

ಹೀಗೆ ದೇವಣ್ಣನು ಸರ್ಕಾರಕ್ಕೆ ಒಪ್ಪಿಸುವುದಕ್ಕೋಸ್ಕರ ಕೋವಿ ಕೊಳ್ಳಲು ಹೊರಟನು.

ಒಬ್ಬನೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಬೆಲೆಬಾಳುವ ವಸ್ತುವನ್ನು ನಮ್ಮ ಕಡೆ ಒಬ್ಬರೇ ಹೋಗಿ ತರುವುದಿಲ್ಲ. ಮದುವೆಗೆ ಜವಳಿ ತೆಗೆಯುವಾಗ ಹೇಗೋ ಹಾಗೆ, ದೊಡ್ಡವರಿಗೆಲ್ಲ ಹೇಳಬೇಕು, ಹೇಳಿದವರೆಲ್ಲ ಬರಬೇಕು, ಬಂದವರೆಲ್ಲ ಒಂದೊಂದು ಮಾತು ಆಡಬೇಕು. ದೇವಣ್ಣನ ಅಕ್ಕ ದೊಡ್ಡಬಸಮ್ಮ ಒಳ್ಳೆ ದಿನ ನೋಡಿಸಿ ಗುರುವಾರ ಎಂದಳು. ಗುರುವಾರ ಹನ್ನೊಂದು ಜನ ಟೆಂಪೋದಲ್ಲಿ ಯಳಂದೂರಿಗೆ ಹೊರಟರು. ಹೆಂಗಸರೆಲ್ಲ ರೇಷ್ಮೆ ಉಟ್ಟಿದ್ದರು. ಬುತ್ತಿಗೆ ಪುಳಿಯೋಗರೆ ಕಟ್ಟಿತ್ತು. ಬೇಸಾಯದ ಕಡೆಯ ಸಾಕ್ಷಿಯಾಗಿ ದೊಡ್ಡಸಿದ್ದಯ್ಯನೂ ಬಂದ.

ಯಳಂದೂರಿನಲ್ಲಿ ಗೋವಿಂದಯ್ಯನವರ ಕೋವಿ ಅಂಗಡಿ. ಅರ್ಧ ಅಂಗಡಿಯಲ್ಲಿ ಕೋವಿ, ಇನ್ನರ್ಧದಲ್ಲಿ ಹೊಲಿಗೆ ಮೆಷೀನು ರಿಪೇರಿ. ವರ್ಷಕ್ಕೆ ಇಬ್ಬರು ಮೂವರು ಗಿರಾಕಿ ಬರುವ ಕಡೆ ಹನ್ನೊಂದು ಜನ ಒಟ್ಟಿಗೆ ನುಗ್ಗಿದಾಗ ಅವರು ಮೊದಲು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟರು. ಲೈಸನ್ಸು ನೋಡಿ ಸಮಾಧಾನವಾದ ಮೇಲೆ ಪಂಪ್ ಆ್ಯಕ್ಷನ್ ಒಂದನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದರು.

ದೊಡ್ಡಬಸಮ್ಮ ನಳಿಗೆಯನ್ನು ಸೆರಗಿನಿಂದ ಉಜ್ಜಿ ಸೆರಗು ನೋಡಿಕೊಂಡಳು. "ಬಣ್ಣ ಬುಡಲ್ಲ ತಾನೆ?"

"ಕಬ್ಬಿಣ ಕಣಮ್ಮ ಅದು."

"ಇದ್ರಲ್ಲಿ ಬ್ಯಾರೆ ಕಲರ್ ತೆಗೀರಿ. ಶುಭಕಾರ್ಯಕ್ಕೆ ಕರೀದು ಆಗಲ್ಲ."

"ಕೋವಿ ಕರೀದೇ ಬರೋದಮ್ಮ."

"ಆ ಮೇಲ್ಗಡೆ ಕಂದು ಕಲರ್ದು ಅದಲ್ಲ, ಅದ ತೆಗೀರಿ."

ಅದನ್ನೂ ತೆಗೆದರು. ಅದರ ಹಿಂಬದಿಯ ಮರದ ಬಣ್ಣ ಚೆನ್ನಾಗಿದೆ, ಆದರೆ ಮೊದಲನೆಯದರ ಉದ್ದ ಇದಕ್ಕಿಲ್ಲ ಎಂದು ದೇವಣ್ಣನ ಚಿಕ್ಕಮ್ಮ ಹೇಳಿದಳು. ಮೊದಲನೆಯದರ ಉದ್ದಕ್ಕೆ ಎರಡನೆಯದರ ಬಣ್ಣ ಹಾಕಿಕೊಡಲು ಎಷ್ಟು ದಿನ ಬೇಕು ಎಂದು ಇನ್ನೊಬ್ಬಳು ಕೇಳಿದಳು. ಎಡಗೈಲಿ ಒಂದು, ಬಲಗೈಲಿ ಒಂದು ಎತ್ತಿ ತೂಗಿ ನೋಡಿದ ರುದ್ರಾಣಿ, "ಇದು ಬಾಳ ಅಗುರ. ಮೋಸ ಅದೆ," ಎಂದಳು. ಗೋಡೆಯ ಮೇಲಿದ್ದುದೆಲ್ಲ ಮೇಜಿಗಿಳಿಯಿತು. ಪಂಪ್ ಆ್ಯಕ್ಷನ್ ಅಲ್ಲದವೂ ಇಳಿದವು. ಕೊನೆಗೆ ಎಲ್ಲರೂ ಒಕ್ಕೊರಲಿನಿಂದ, ಮೊದಲನೆಯದೇ ಚೆನ್ನಾಗಿತ್ತು, ಅದನ್ನೇ ಇನ್ನೊಂದು ಸಲ ತೋರಿಸಿ ಎಂದರು.

ಗೋವಿಂದಯ್ಯ ಬೆವರು ಒರೆಸಿಕೊಂಡರು. ಆ ಒರೆಸುವಿಕೆ ದೇವಣ್ಣನಿಗೆ ಚೆನ್ನಾಗಿ ಪರಿಚಯವಿತ್ತು. ನಲವತ್ತು ಸೀರೆ ಕೊಡವಿಸಿ, ನೀರು ಕೇಳಿ ಕುಡಿದು, ಬರ್ತೀವಿ ಎಂದು ಎದ್ದುಹೋಗುವ ಬೀಗರ ಗುಂಪಿನ ಮುಂದೆ ಅವನು ಮೂವತ್ತು ವರ್ಷ ಹಾಗೇ ಒರೆಸಿಕೊಂಡಿದ್ದ. ಅವನಿಗೆ ಗೋವಿಂದಯ್ಯನವರ ಕಾಲಿಗೆ ಬೀಳೋಣ ಅನ್ನಿಸಿತು. ಬೀಳುವ ಬದಲು ಬೆಲೆ ಕೇಳಿದ. ಮೊದಲನೆಯದು ಲಕ್ಷದ ಮೇಲೆ. ಎರಡನೆಯದು ಎಂಬತ್ತೈದು ಸಾವಿರ.

"ಇನ್ನೂ ಕಮ್ಮೀದು ಇಲ್ವಾ?" ಎಂದ.

ಗೋವಿಂದಯ್ಯ ಹೊಲಿಗೆ ಮೆಷೀನುಗಳ ಹಿಂದಿನಿಂದ ಒಂದನ್ನು ಎಳೆದು ತಂದರು. "ಪಂಪ್ ಆ್ಯಕ್ಷನ್ನೇ. ಕಾಗ್ದ ಪತ್ರ ಎಲ್ಲಾ ಸರಿ ಅದೆ. ಆದ್ರೆ ಸುಳ್ಳು ಏಳಬಾರ್ದು. ಹಿಡಿ ಹಿಂದಕ್ಕೆ ಬತ್ತದೆ, ಮುಂದಕ್ಕೆ ಓಗಲ್ಲ. ರಿಪೇರಿಗೆ ಸಾಮಾನು ಸಿಕ್ತಿಲ್ಲ."

"ಗುಂಡು ಹಾರಲ್ವಾ?"

"ಹಾರಲ್ಲ."

ದೇವಣ್ಣ ಮುಖ ಚಿಕ್ಕದು ಮಾಡಿಕೊಂಡ. ಆಗ ರುದ್ರಾಣಿ ಅವನನ್ನು ಪಕ್ಕಕ್ಕೆ ಕರೆದಳು. ಠಾಣೆಯವರು ಮೂರು ದಿನದಲ್ಲಿ ಕೋವಿ ತರಲು ಹೇಳಿದ್ದಾರೆ ಎಂಬಷ್ಟು ಮಾತ್ರ ಅವಳಿಗೆ ಗೊತ್ತಿತ್ತು, ಮಗ್ಗದ ಕೋಲಿನ ಪ್ರಸಂಗ ಗೊತ್ತಿರಲಿಲ್ಲ. "ಇದ ತಕ್ಕಂಡೋಗಿ ಎಲ್ಲಿ ಇಡ್ತೀರಿ?"

"ಠಾಣೇಲಿ."

"ಠಾಣೇಲಿ ಇಡೋಕೆ ಗುಂಡು ಯಾಕೆ ಹಾರ್ಬೇಕು?"

ಈ ಮಾತಿನ ಮುಂದೆ ಯಾವ ಶಾಸ್ತ್ರವೂ ನಿಲ್ಲುವುದಿಲ್ಲ. ಮೂವತ್ತು ಸಾವಿರದಿಂದ ಚೌಕಾಸಿ ಶುರುವಾಗಿ, ಎರಡು ಸಲ ಹನ್ನೊಂದು ಜನವೂ ಎದ್ದು ಬಾಗಿಲವರೆಗೆ ಹೋಗಿ, ಎರಡು ಸಲ ವಾಪಸು ಬಂದು ಇಪ್ಪತ್ತೆರಡು ಸಾವಿರಕ್ಕೆ ನಿಂತಿತು. ತೋಟಾಗಳಿಗೆ ಬೇರೆ ದುಡ್ಡು ಎಂದಾಗ ದೊಡ್ಡಬಸಮ್ಮ ನಿಜವಾಗಿ ನೊಂದುಕೊಂಡಳು. "ನಾವು ಸೀರೆ ಜೊತೆ ರವಿಕೆ ಬಟ್ಟೆ ಕೊಡ್ತೀವಪ್ಪ. ಅದಕ್ಕೂ ದುಡ್ಡು ಕೇಳೋದ ನಾ ಎಲ್ಲೂ ಕಾಣೆ," ಎಂದಳು. ಗೋವಿಂದಯ್ಯ ಅವರನ್ನು ಸಾಗಹಾಕಿದರೆ ಸಾಕೆಂದು ಎರಡು ತೋಟಾ ಸೇರಿಸಿ ಲೈಸನ್ಸಿನಲ್ಲಿ ಬರೆದುಕೊಟ್ಟರು. ಅವತ್ತು ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕಿದರಂತೆ.

ಠಾಣೆಯಲ್ಲಿ ಶಿವರಾಜು ಹಿಡಿ ಎಳೆದು ನೋಡಿದರು. ಬಂತು. ತಳ್ಳಿದರು. ಹೋಗಲಿಲ್ಲ.

"ಇದು ಮುಂದಕ್ಕೆ ಓಗ್ತಿಲ್ವಲ್ರೀ."

"ಮುಂದಕ್ಕೆ ಓಗ್ಲೇಬೇಕು ಅಂತ ರೂಲ್ಸ್ ಅದ ಸಾ?"

ಇರಲಿಲ್ಲ. ರಶೀದಿ ಹರಿದುಕೊಟ್ಟರು. ಹದಿನೇಳಕ್ಕೆ ಹದಿನೇಳಾಯಿತು. ಎಎಸ್ಸೈಗೂ ನೇಕಾರನಿಗೂ ಒಟ್ಟಿಗೆ ಉಸಿರು ಬಂತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ದೊಡ್ಡಸಿದ್ದಯ್ಯ ಬಂಡಳ್ಳಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗುರುವಾರ ಯಳಂದೂರಲ್ಲಿ ಹೊಸ ಕೋವಿ ತೆಗೆದೆವು, ಠಾಣೆಗೆ ಕೊಟ್ಟೆವು ಎಂದ. ಬಂಡಳ್ಳಿಯ ಜನ ಲೆಕ್ಕ ಹಾಕಿದರು. ತಿಂಗಳ ಹಿಂದೆಯೇ ಒಂದು ಕೋವಿಯನ್ನು ಅವರು ಕಣ್ಣಾರೆ ಕಂಡು ಕೈಮುಗಿದಿದ್ದರು. ಗುರುವಾರದ್ದು ಇನ್ನೊಂದು. ಠಾಣೆಗೆ ಹೋಗಿದ್ದು ಒಂದು. ಮರುದಿನ ನೋಡಿದರೆ ರೇಷ್ಮೆ ಚೀಲ ಮತ್ತೆ ಅಟ್ಟಣೆಯ ಕಂಬದಲ್ಲಿ ಉಬ್ಬಿಕೊಂಡು ನೇತಾಡುತ್ತಿದೆ. ಚೀಲಕ್ಕೆ ಮನೆಯಲ್ಲಿ ಜಾಗವಿಲ್ಲ ಎಂದು ಕೋಲಿನ ಸಮೇತ ಅಲ್ಲೇ ತೂಗುಹಾಕಿದ್ದ ದೇವಣ್ಣನಿಗೆ ಈ ಲೆಕ್ಕ ಗೊತ್ತಿರಲಿಲ್ಲ.

"ದೇವಣ್ಣ ಒಂದ ಸರ್ಕಾರಕ್ಕೆ ಕೊಟ್ಟವ್ನೆ, ಇನ್ನೊಂದ ಮಡಿಕ್ಕಂಡವ್ನೆ," ಎಂದು ಊರು ಮಾತಾಡಿಕೊಂಡಿತು. "ಮೆತ್ತಗಿರೋರ ನಂಬಬಾರ್ದು."

ಜೋಳ ಒಣಗುತ್ತ ಬಂತು. ಇನ್ನು ಒಂದು ವಾರಕ್ಕೆ ಮುರಿಯಬೇಕು. ಆಗ ದೊಡ್ಡಸಿದ್ದಯ್ಯ ಮುಳ್ಳೂರಿನಲ್ಲಿ ನೆಂಟರ ಮದುವೆ ಎಂದು ಹೊರಟ. ಎರಡು ದಿನ ಹೊಲ ಕಾಯಲು ದೇವಣ್ಣನೇ ಬಂದ. ರಾತ್ರಿ ಬಸ್ಸಿಗೆ ಬಂದದ್ದರಿಂದ ಊರಲ್ಲಿ ಯಾರೂ ನೋಡಲಿಲ್ಲ. ಜೇಬಿನಲ್ಲಿ ಅಭ್ಯಾಸಬಲದಿಂದ ಮಗ್ಗದ ಲಾಳಿಯೊಂದು ಇತ್ತು.

ಮೊದಲನೆಯ ಬೆಳಗ್ಗೆ, ಇನ್ನೂ ನಸುಕು. ಅಟ್ಟಣೆಯ ಮೇಲೆ ದೇವಣ್ಣ ಕಂಬಳಿ ಹೊದ್ದು ಕೂತಿದ್ದ. ಜೋಳದೊಳಗೆ ಲಟಕ್ ಎಂದಿತು. ಮತ್ತೆ ಲಟಕ್. ಸದ್ದು ಹತ್ತಿರ ಬಂತು. ದೇವಣ್ಣನಿಗೆ ಹಂದಿಯ ಕೋರೆಯ ಬಗ್ಗೆ ಕೇಳಿದ್ದೆಲ್ಲ ನೆನಪಾಯಿತು. ಹಾಗೆಯೇ ನಾಕು ರೂಮೂ ನೆನಪಾಯಿತು. ಓಡಿಹೋಗಬೇಕೆಂದು ಎದ್ದವನಿಗೆ, ಇದು ಹೋದರೆ ತನಗೆ ನಿಲ್ಲುವುದಕ್ಕೆ ಇನ್ನೆಲ್ಲೂ ಜಾಗವಿಲ್ಲವಲ್ಲ ಎಂದು ಸಂಕಟವಾಗಿ ಅಲ್ಲೇ ನಿಂತ. ಕೋಲನ್ನು ಚೀಲದ ಸಮೇತ ಮುಂದಕ್ಕೆ ಚಾಚಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಲಾಳಿಯಿಂದ ಅಟ್ಟಣೆಯ ಕಂಬಕ್ಕೆ ಎರಡೇಟು ಕುಟ್ಟಿದ.

ಚಕ್-ಚಕ್.

"ಅಯ್ಯಪ್ಪಾ, ಹೊಡೀಬ್ಯಾಡಿ," ಎಂದಿತು ಹಂದಿ.

ದಡಬಡ ಓಡಿತು, ಬದುವಿನಾಚೆ ಕಾಲುವೆಗೆ ಬಿತ್ತು, ಎದ್ದು ಕುಂಟುತ್ತ ಹೋಯಿತು. ದೇವಣ್ಣ ಕಣ್ಣು ಬಿಟ್ಟಾಗ ಯಾರೂ ಇರಲಿಲ್ಲ. ಹೆಂಡತಿಗೆ ಫೋನು ಮಾಡಿದ.

"ರುದ್ರಾಣಿ, ಹಂದಿ ಮಾತಾಡ್ತು ಕಣೆ."

"ಏನಂತು?"

"ಹೊಡೀಬ್ಯಾಡಿ ಅಂತು. ಬಹುವಚನದಲ್ಲೇ ಅಂತು."

"ಅಲ್ಲೇ ಇರಿ. ಮೊದಲ್ನೇ ಬಸ್ಸಿಗೆ ಬತ್ತೀನಿ," ಎಂದಳು ರುದ್ರಾಣಿ.

ಅವಳು ಬಂದು ಮುರಿದ ದಂಟುಗಳನ್ನು ನೋಡುತ್ತ ನಿಂತಿದ್ದಾಗಲೇ ಠಾಣೆಯಿಂದ 'ಅಟ್ಟಣೇಲಿರೋದ ತಗೊಂಡು ಬನ್ನಿ' ಎಂದು ಕರೆ ಬಂತು. ಇಬ್ಬರೂ ಹೋದರು. ಒಳಗೆ ನಿರಂಜನ ಬೆಂಚಿನ ಮೇಲೆ ಕೂತಿದ್ದ. ಮೊಣಕಾಲಿಗೆ ಅರಿಶಿನ ಮೆತ್ತಿತ್ತು. ಮೇಜಿನ ಮೇಲೆ ಅವನ ಎರಡು ಪುಟದ ದೂರಿತ್ತು. ಶಿವರಾಜು ತಲೆ ಹಿಡಿದುಕೊಂಡಿದ್ದರು. ಹದಿನೇಳು ಲೈಸನ್ಸಿಗೆ ಹದಿನೆಂಟು ಕೋವಿಯಾದರೆ ಮೇಲಿನವರಿಗೆ ಏನು ಹೇಳುವುದು ಎಂಬ ಚಿಂತೆ ಅವರದು.

"ಸಾರ್, ಇವ್ರತ್ರ ಎರಡನೇ ಕೋವಿ ಅದೆ," ಎಂದು ನಿರಂಜನ ಎದ್ದು ನಿಂತ. "ಎಲೆಕ್ಷನ್ ಟೈಮಲ್ಲಿ ನನ್ ಎದೆಗೆ ಹಿಡಿದ್ರು. ಚಕ್-ಚಕ್ ಅಂತ ಎಳೆದ್ರು. ನಾನು ಬದುಕಿ ಬಂದಿದ್ದೇ ಹೆಚ್ಚು. ಅಗೋ, ಅದೇ ಚೀಲ."

ಶಿವರಾಜು ಕತ್ತೆತ್ತಿದರು. ಕೆಂಪು ರೇಷ್ಮೆ, ಮಾವಿನಕಾಯಿ ಬುಟ್ಟಾ, ಜರಿ ಅಂಚು ಕಂಡವು. ಅವರ ಮುಖದ ಮೇಲಿದ್ದ ಚಿಂತೆ ನಿಧಾನವಾಗಿ ಇಳಿದುಹೋಯಿತು. ಎದ್ದು ಬಂದು, ಇಬ್ಬರು ಪೇದೆಗಳ ಎದುರಿಗೇ ಚೀಲದ ದಾರ ಬಿಚ್ಚಿ, ಕೋಲನ್ನು ಎಳೆದು ನಿರಂಜನನ ಕೈಗೆ ಕೊಟ್ಟರು. "ತಗಳಿ ನಿಮ್ ಎರಡನೇ ಕೋವಿ." ದೇವಣ್ಣ ಜೇಬಿನಿಂದ ಲಾಳಿ ತೆಗೆದು, "ಸದ್ದು ಇದ್ರದ್ದು ಸಾ," ಎಂದು ಮೇಜಿನ ಮೇಲಿಟ್ಟ.

ನಿರಂಜನ ಕೋಲನ್ನು ಹಿಡಿದುಕೊಂಡು ನಿಂತ. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಲೇ ನಿರಂಜನ," ಎಂದಳು ರುದ್ರಾಣಿ. ದನಿ ಏರಿಸಲಿಲ್ಲ. "ಬೆಳಕರಿಯೋಕೆ ಮುಂಚೆ ನನ್ ಜೋಳದೊಳ್ಗೆ ನಿಂಗೇನ್ಲಾ ಕೆಲ್ಸ?"

"ಅದು... ಹಂದಿ ಬಂದವಾ ಅಂತ ನೋಡುವಾ ಅಂತ ಅಕ್ಕಾ."

ಶಿವರಾಜು ಕನ್ನಡಕ ಏರಿಸಿಕೊಂಡು ದೂರಿನ ಕಾಗದ ಕೈಗೆತ್ತಿಕೊಂಡರು. "ನೀವು ಬರ್ದಿರೋದು ಹಂಗಿಲ್ವಲ್ರೀ. 'ಸದರಿ ಹೊಲದಲ್ಲಿ ನಾನು ನನ್ನ ಪಾಡಿಗೆ ಜೋಳ ಮುರಿಯುತ್ತಿರುವಾಗ' ಅಂತ ನಿಮ್ ಕೈಬರಹದಲ್ಲೇ ಅದೆ. ಸೈನೂ ಅದೆ."

ಪೇದೆಗಳು ಗೋಡೆಯ ಕಡೆ ತಿರುಗಿಕೊಂಡರು. ಎರಡು ವರ್ಷದ ಹಂದಿ ಯಾವುದೆಂದು ದೇವಣ್ಣನಿಗೆ ಹೊಳೆದಿದ್ದು ಆಗ, ಎಲ್ಲರಿಗಿಂತ ಕೊನೆಗೆ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ನಾಚಿಕೆ, ಅದೂ ಭಾಮೈದನ ಪರವಾಗಿ. "ಕೇಸು ಗೀಸು ಬ್ಯಾಡ ಸಾ, ಮನೆ ವಿಷ್ಯ," ಎಂದ. ಶಿವರಾಜು ಆ ದೂರನ್ನು ನಾಲ್ಕು ಮಡಿಕೆ ಮಾಡಿ ರುದ್ರಾಣಿಯ ಕೈಗೇ ಕೊಟ್ಟರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊಲದ ಪತ್ರಕ್ಕಿಂತ ಗಟ್ಟಿಯಾದ ಪತ್ರ ಅದು ಎಂದು ಅವಳಿಗೆ ತಿಳಿದಿತ್ತು.

ಜೋಳ ಮನೆಗೆ ಬಂತು. ದೊಡ್ಡಸಿದ್ದಯ್ಯನ ವಾರದ ಪಾಲು ಕಳೆದು ಹದಿನೆಂಟು ಮೂಟೆ, ಮಗ್ಗದ ಪಕ್ಕದಲ್ಲಿ ಸೂರು ಮುಟ್ಟುವಂತೆ ನಿಂತಿತು. ಎಲೆಕ್ಷನ್ ಮುಗಿದ ಮೇಲೆ ಕೋವಿ ತೆಗೆದುಕೊಂಡು ಹೋಗಿ ಎಂದು ಶಿವರಾಜು ಫೋನು ಮಾಡಿದರು. "ಇರ್ಲಿ ಬುಡಿ ಸಾ, ಮತ್ತೆ ಎಲೆಕ್ಷನ್ ಬತ್ತದಲ್ಲ," ಎಂದ ದೇವಣ್ಣ. ಆಯುಧಪೂಜೆಯ ದಿನ ಮಗ್ಗದ ಮುಂದೆ ಮಣೆ ಹಾಕಿ, ರೇಷ್ಮೆ ಚೀಲದ ಮೇಲೆ ಕೋಲು ಮಲಗಿಸಿ, ಲಾಳಿ ಇಟ್ಟು, ಕುಂಬಳಕಾಯಿ ಒಡೆದು ಪೂಜೆ ಮಾಡಿದ.

ಹಬ್ಬಕ್ಕೆ ಕರೆಯದೆ ಇರಲಾಗುವುದಿಲ್ಲ, ನಿರಂಜನನೂ ಬಂದಿದ್ದ. ಬಾಗಿಲಲ್ಲೇ ನಿಂತವನನ್ನು ರುದ್ರಾಣಿ ಒಳಗೆ ಕರೆದು ಮಣೆ ಹಾಕಿ ಕೂರಿಸಿದಳು. ಹೊಸ ಜೋಳದ ಹಿಟ್ಟಿನ ಬಿಸಿ ರೊಟ್ಟಿ, ಮೇಲೆ ಒಂದು ಮುದ್ದೆ ಬೆಣ್ಣೆ ಹಾಕಿ ಅವನ ಮುಂದಿಟ್ಟಳು. ಅವನು ತಲೆ ತಗ್ಗಿಸಿಕೊಂಡು ಕೈ ಹಾಕದೆ ಕೂತ.

"ತಿನ್ಲಾ," ಎಂದಳು. "ನಮ್ ಹೊಲ್ದ ಜೋಳ ನಿಂಗೆ ಹೊಸ್ದಾ? ಈ ಸಲ ತಟ್ಟೇಲಿ ತಿನ್ನು."